ವಾಲ್ ಡೆಕೋರೇಷನ್, 1 ಪೀಸ್

ಮುಂಬೈ ಹತ್ತಿರದ ನವಾ ಶೇವಾ ಬಂದರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯ್ತು. ಊರು ಕುಂದಾಪುರ, ಮನೆ ಪನ್ವೇಲ್‌ನಲ್ಲಿ. ವಿದೇಶ ಬಿಟ್ಟು ಬರುವವರ ಮನೆ ಸಾಮಾನು ಬಿಡಿಸಿಕೊಡುವುದು ನನ್ನ ಕೆಲಸ. ಪಾತ್ರೆ, ಹಾಸಿಗೆ, ಟೀವಿ, ಮಕ್ಕಳ ಸೈಕಲ್. ನೂರಾರು ಪಟ್ಟಿ ನೋಡಿದ ಮೇಲೆ ಕಣ್ಣು ಸುಮ್ನೆ ಜಾರಿಕೊಂಡು ಹೋಗುತ್ತದೆ.

ಕಳೆದ ವರ್ಷ ದಕ್ಷಿಣ ಆಫ್ರಿಕಾದ ಡರ್ಬನ್‌ನಿಂದ ಬಂದ ಒಂದು ಕಂಟೇನರ್‌ನ ಪ್ಯಾಕಿಂಗ್ ಲಿಸ್ಟ್‌ನಲ್ಲಿ 'ವಾಲ್ ಡೆಕೋರೇಷನ್, 1 ಪೀಸ್' ಎಂದಿತ್ತು. ಯಾವುದೋ ಚಿತ್ರಪಟ ಇರಬೇಕು ಅಂದುಕೊಂಡೆ. ಕೇಳಲಿಲ್ಲ. ತಪಾಸಣೆಯಲ್ಲಿ ಪೆಟ್ಟಿಗೆ ತೆರೆದಾಗ ಒಳಗಿದ್ದದ್ದು ಚಿರತೆಯ ಚರ್ಮ. ತಲೆ ಸಮೇತ, ಬಾಯಿ ಅಗಲಿಸಿ, ಗಾಜಿನ ಕಣ್ಣು ಕೂರಿಸಿ. ಆಫೀಸರ್ ಏನೂ ಮಾತಾಡದೆ ಫೋನ್ ತೆಗೆದರು.

ಸಾಮಾನಿನ ಯಜಮಾನರು ಹುಬ್ಬಳ್ಳಿ ಕಡೆಯವರು. "ಕದ್ದು ಹೊಡದಿದ್ದಲ್ರೀ ಇದು. ಲೈಸೆನ್ಸ್ ಐತಿ, ರೊಕ್ಕ ಕಟ್ಟೇನಿ," ಎಂದರು. ಅವರ ಮಾತು ಸುಳ್ಳಲ್ಲ. ಆದರೆ ಆ ಲೈಸೆನ್ಸ್ ಹೊಡೆಯುವುದಕ್ಕೆ ಮಾತ್ರ, ಮನೆಗೆ ತರುವುದಕ್ಕಲ್ಲ. ಅಪಾಯದಲ್ಲಿರುವ ಪ್ರಾಣಿ, ಗಿಡಗಳ ವ್ಯಾಪಾರಕ್ಕೆ ದೇಶ ದೇಶಗಳ ನಡುವೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿ ಚಿರತೆ ಇದೆ. ಅದರ ಟ್ರೋಫಿ, ಅಂದರೆ ಬೇಟೆಯ ಗುರುತಿಗೆ ಇಟ್ಟುಕೊಳ್ಳುವ ಚರ್ಮ, ತಲೆ, ಗಡಿ ದಾಟಬೇಕಾದರೆ ಎರಡು ಪರ್ಮಿಟ್ ಬೇಕು. ತರಿಸಿಕೊಳ್ಳುವ ದೇಶ ಮೊದಲು ಕೊಡಬೇಕು, ಅದನ್ನು ನೋಡಿ ಕಳಿಸುವ ದೇಶ ಕೊಡಬೇಕು. ನಮ್ಮಲ್ಲಂತೂ 1972ರ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲೇ ಚಿರತೆ ಇದೆ. 2022ರ ತಿದ್ದುಪಡಿ ಸೈಟ್ಸ್ ನಿಯಮಗಳನ್ನೂ ಅದೇ ಕಾಯ್ದೆಯೊಳಗೆ ತಂದಿತು. ಅವರ ಹತ್ತಿರ ಎರಡರಲ್ಲಿ ಒಂದು ಪರ್ಮಿಟ್ಟೂ ಇರಲಿಲ್ಲ.

ಚರ್ಮ ಜಪ್ತಿ ಆಯ್ತು. ಉಳಿದ ಸಾಮಾನು ವಾರಗಟ್ಟಲೆ ನಿಂತಿತು, ಬಂದರಿನಲ್ಲಿ ತಡವಾಗಿ ಉಳಿದದ್ದಕ್ಕೆ ಕಟ್ಟುವ ಡೆಮರೇಜ್ ಬೆಳೆಯಿತು. ಆಫೀಸಿನ ಹಿರಿಯ ಅಣ್ಣ ಬೈಯಲಿಲ್ಲ. "ಗೋಡೆಗೆ ಹಾಕೋದು ಅಂತ ಬರೆದ್ರೆ ಸಾಕಾ ಮಾರಾಯ? ಏನು ಅಂತ ಕೇಳ್ಬೇಕಲ್ವಾ?" ಎಂದರು ಅಷ್ಟೇ.

ಆ ಮಾತು ನನ್ನನ್ನು ಬಿಡಲಿಲ್ಲ. ಟ್ರೋಫಿ ಬೇಟೆಗೆ ಹೋದವನಿಗೆ ಪ್ರಾಣಿ ಸತ್ತರೆ ಸಾಲದು, ಅದು ಅವನ ಮನೆ ಗೋಡೆಗೆ ಬರಬೇಕು. ಬರುವ ದಾರಿ ನಮ್ಮಂಥ ಬಂದರು. 2015ರಲ್ಲಿ ಜಿಂಬಾಬ್ವೆಯಲ್ಲಿ ಸೆಸಿಲ್ ಎಂಬ ಸಿಂಹವನ್ನು ಅಮೆರಿಕದ ದಂತವೈದ್ಯನೊಬ್ಬ ಕೊಂದ. ಕೆಲವೇ ವಾರಗಳಲ್ಲಿ ಅಮೆರಿಕದ ದೊಡ್ಡ ವಿಮಾನ ಕಂಪನಿಗಳು ಸಿಂಹ, ಚಿರತೆ, ಆನೆಯಂಥ ಟ್ರೋಫಿ ಸಾಗಿಸುವುದನ್ನು ನಿಲ್ಲಿಸಿದವು. ಅದೇ ವರ್ಷ ಆಸ್ಟ್ರೇಲಿಯಾ ಸಿಂಹದ ಟ್ರೋಫಿ ಆಮದು ನಿಷೇಧಿಸಿತು. 2016ರಲ್ಲಿ ನೆದರ್ಲೆಂಡ್ಸ್ ಸುಮಾರು 200 ಜಾತಿಗಳ ಟ್ರೋಫಿಗೆ ಬಾಗಿಲು ಹಾಕಿತು.

ಬೋಟ್ಸ್ವಾನಾ ಸರ್ಕಾರ ಇದನ್ನು ಒಪ್ಪುವುದಿಲ್ಲ. 2014ರಲ್ಲಿ ನಿಲ್ಲಿಸಿದ್ದ ಬೇಟೆಯನ್ನು 2019ರಲ್ಲಿ ಮತ್ತೆ ಶುರು ಮಾಡಿತು. ಆನೆಗಳ ಜೊತೆ ಬದುಕುವ ಹಳ್ಳಿಗಳಿಗೆ ಆ ದುಡ್ಡು ಬೇಕು ಎನ್ನುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಆನೆ ತೋಟ ತುಳಿದು ಹೋಗುವ ಕಷ್ಟ ಸಕಲೇಶಪುರದವರಿಗೆ, ಕೊಡಗಿನವರಿಗೆ ಗೊತ್ತು. ಹಾಗಾಗಿ ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಚಿರತೆ ಬೇರೆ. ಒಂಟಿಯಾಗಿ, ರಾತ್ರಿ ಹೊತ್ತು ಓಡಾಡುವ ಪ್ರಾಣಿ. ಅದನ್ನು ಎಣಿಸುವುದೇ ಕಷ್ಟ. ಬೇಟೆಗಾರನಿಗೆ ಬೇಕಾದದ್ದು ಬಲಿತ ದೊಡ್ಡ ಗಂಡು. ಅದು ಹೋದರೆ ಆ ಜಾಗಕ್ಕೆ ನುಗ್ಗುವ ಹೊಸ ಗಂಡು ಎಷ್ಟೋ ಸಲ ಹಳೆಯದರ ಮರಿಗಳನ್ನು ಕೊಂದುಹಾಕುತ್ತದೆ. ಒಂದು ಗುಂಡಿಗೆ ಎಷ್ಟು ಜೀವ ಹೋಯಿತು ಎಂಬ ಲೆಕ್ಕ ಯಾವ ಲೈಸೆನ್ಸ್‌ನಲ್ಲೂ ಇರುವುದಿಲ್ಲ. ಇಂಥ ಪ್ರಾಣಿಯ ಟ್ರೋಫಿ ಆಮದನ್ನು ಪೂರ್ತಿ ನಿಲ್ಲಿಸಬೇಕು ಅಂತಲೇ ನನ್ನ ಅಭಿಪ್ರಾಯ.

ಈಗ ಸಾಮಾನು ಪ್ಯಾಕ್ ಆಗುವ ಮೊದಲೇ ನಾನು ಕೇಳುತ್ತೇನೆ: ಚರ್ಮ, ಕೊಂಬು, ದಂತ, ಹಲ್ಲು, ಉಗುರು ಏನಾದರೂ ಇದೆಯಾ? ಯಾವ ಪ್ರಾಣಿಯದು? ಉತ್ತರವನ್ನು ಬರೆದೇ ಕಳಿಸಬೇಕು.

ಹೋದ ತಿಂಗಳು ತಾಂಜಾನಿಯಾದ ದಾರ್ ಎಸ್ ಸಲಾಮ್‌ನಿಂದ ಒಬ್ಬರು ಅಕ್ಕ ಫೋನ್ ಮಾಡಿದರು. ಯಾರೋ ಕೊಟ್ಟ ಸಿಂಹದ ಹಲ್ಲಿನ ಸರ ಇದೆ, ಅದನ್ನೂ ಬರೆಯಬೇಕಾ ಅಂತ ಕೇಳಿದರು. "ಪೆಟ್ಟಿಗೆಗೆ ಹಾಕಲೇಬೇಡಿ ಅಕ್ಕ, ಅಲ್ಲಿನ ವನ್ಯಜೀವಿ ಇಲಾಖೆಯವರಿಗೆ ತೋರಿಸಿ," ಅಂದೆ. ಅವರ ಕಂಟೇನರ್ ಮೊನ್ನೆ ಬಂತು. ಸರ ಅದರಲ್ಲಿರಲಿಲ್ಲ.