‘ಅಸಲು ಕತ್ತಿ ಥರಾನೇ ಇದೆಯಾ?’ ಅಂತ ಕೇಳುವವರಿಗೆ

ನಮ್ಮ ಮನೆ ಹಾಲ್‌ನಲ್ಲಿ ಒಂದು ಫೋಟೋ ಇದೆ. ಬಿಳಿ ಪಂಚೆ ಹಾಸಿ, ಅದರ ಮೇಲೆ ಎರಡು ಕತ್ತಿ ಇಟ್ಟು ತೆಗೆದದ್ದು. ಒಂದು ಬಹಳ ಹಳೆಯ ತಲವಾರ್. ಇನ್ನೊಂದು ನಾನೂ ಕುಲುಮೆ ಕೆಲಸದ ಒಬ್ಬರು ಆಚಾರ್ರೂ ಸೇರಿ ಮಾಡಿದ ಅದರ ನಕಲು. ಮನೆಗೆ ಬಂದವರು ಫೋಟೋ ನೋಡಿದ ಮೇಲೆ ಕೇಳುವುದು ಒಂದೇ. "ಅಸಲು ಥರಾನೇ ಇದೆಯಾ?" ಸ್ವಲ್ಪ ಸಲಿಗೆ ಇದ್ದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಹಂಗಾದ್ರೆ ನಮಗೂ ಒಂದು ಟಿಪ್ಪು ಕಾಲದ ಕತ್ತಿ ಮಾಡಿಕೊಡಿ ಸಾರ್, ಎಷ್ಟಾಗುತ್ತೆ?" ಅಂತಾರೆ.

ಆಕಾರ ಹೌದು, ತೂಕ ಹೆಚ್ಚುಕಮ್ಮಿ ಹೌದು, ಉಕ್ಕು ಮಾತ್ರ ಅಲ್ಲ. ಇಷ್ಟು ಹೇಳುವಷ್ಟರಲ್ಲಿ ಅವರ ಕಾಫಿ ಮುಗಿದಿರುತ್ತೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕತ್ತಿಯ ಕಥೆ. ಮಧುಗಿರಿ ಕಡೆ ನನ್ನ ಗೆಳೆಯನ ಮನೆ. ಅಣ್ಣ ತಮ್ಮ ಪಾಲಾದರು. ಹೊಲ, ತೋಟ, ಹಿತ್ತಾಳೆ ಹಂಡೆ ಎಲ್ಲ ಜಗಳವಿಲ್ಲದೆ ಹಂಚಿಹೋಯಿತು. ಕೊನೆಗೆ ದೇವರಮನೆ ಮೂಲೆಯಲ್ಲಿದ್ದ ಒಂದು ಕತ್ತಿ ಉಳಿಯಿತು. ಅದನ್ನು ತುಂಡು ಮಾಡಿ ಹಂಚೋಕೆ ಆಗಲ್ವಲ್ಲ! ಮುತ್ತಜ್ಜನ ಮುತ್ತಜ್ಜ ಟಿಪ್ಪು ಸೈನ್ಯದಲ್ಲಿದ್ದ ಅಂತ ಮನೆಯವರ ಮಾತು. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ನಮ್ಮ ಕಡೆ ಹಳೆಯ ಕತ್ತಿ ಇರುವ ಮನೆಯವರೆಲ್ಲ ಹೀಗೇ ಹೇಳುತ್ತಾರೆ. ಇದರ ಮೇಲೆ ಹೆಸರಿಲ್ಲ, ಇಸವಿ ಇಲ್ಲ. ಟಿಪ್ಪುವಿನ ಬಂದೂಕು, ಫಿರಂಗಿ, ಸಿಪಾಯಿಗಳ ಬಟ್ಟೆಯ ಮೇಲೆಲ್ಲ ಇರುತ್ತಿದ್ದ ಆ ಹುಲಿಪಟ್ಟೆ ಗುರುತು, ಬಬ್ರಿ ಅಂತಾರಲ್ಲ, ಅದೂ ಇಲ್ಲ. ಆದರೆ ಕತ್ತಿ ಒಳ್ಳೆಯದು, ಅದರಲ್ಲಿ ಅನುಮಾನ ಇಲ್ಲ. ಅಸಲು ಅಣ್ಣನಿಗೆ, ನಕಲು ತಮ್ಮನಿಗೆ ಅಂತ ತೀರ್ಮಾನವಾಯಿತು. ನಾನು ಪೀಣ್ಯದ ಟೂಲ್ ರೂಮ್‌ಗಳಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು. "ನೀನು ದಿನಾ ಕಬ್ಬಿಣದ ಜೊತೆ ಇರೋನು, ಮಾಡಿಕೊಡು" ಅಂದರು. ಒಪ್ಪಿಕೊಂಡುಬಿಟ್ಟೆ.

ಅಳತೆ ತೆಗೆಯೋಕೇ ಎರಡು ಭಾನುವಾರ ಹಿಡಿಯಿತು. ಕ್ಯಾಲಿಪರ್ ಹಿಡಿದು ಅಲಗಿನ ಉದ್ದಕ್ಕೂ ಎರಡೆರಡು ಇಂಚಿಗೆ ಒಂದು ಗುರುತು. ಹಿಡಿಯ ಹತ್ತಿರ ಬೆನ್ನಿನ ದಪ್ಪ ಸುಮಾರು ಏಳು ಮಿಲಿಮೀಟರ್. ನಡುವೆ ನಾಲ್ಕೂವರೆ. ಮೊನೆಗೆ ಬರುವಷ್ಟರಲ್ಲಿ ಎರಡು. ಈ ಇಳಿಜಾರು ಕಣ್ಣಿಗೆ ಕಾಣಲ್ಲ, ಕೈಗೆ ಗೊತ್ತಾಗುತ್ತೆ. ಅಂಗಡಿಯಲ್ಲಿ ಸಿಗುವ ಶೋಕಿ ಕತ್ತಿ ಎತ್ತಿ ನೋಡಿ. ಸ್ಟೇನ್‌ಲೆಸ್ ತಗಡನ್ನು ಒಂದೇ ದಪ್ಪಕ್ಕೆ ಕತ್ತರಿಸಿರುತ್ತಾರೆ. ಮುಂದಿನ ಭಾರಕ್ಕೆ ಮಣಿಕಟ್ಟು ಜಗ್ಗುತ್ತೆ. ಹಳೆಯ ತಲವಾರ್ ಹಾಗಲ್ಲ. ತೂಕ 870 ಗ್ರಾಂ ಇದ್ದರೂ ಹಿಡಿದರೆ ಸೌಟು ಹಿಡಿದ ಹಾಗಿರುತ್ತೆ.

ಇನ್ನು ಹಿಡಿ. ಎಲ್ಲರೂ ಮೊದಲು ಹೇಳುವುದು "ಇಷ್ಟು ಚಿಕ್ಕದಾ?" ಅಂತ. ನಾಲ್ಕು ಬೆರಳಿಗೆ ಬಿಗಿಯಾಗಿ ಆಗುವಷ್ಟೇ ಜಾಗ. ಕೆಳಗೆ ತಟ್ಟೆಯ ಥರದ ಬಿಲ್ಲೆ ಮಣಿಕಟ್ಟಿಗೆ ಒತ್ತುತ್ತೆ. ಹಳೆಯವರ ಕೈ ಚಿಕ್ಕದಿತ್ತು ಅಂತಲ್ಲ. ಕೈ ಅಲ್ಲಾಡಬಾರದು, ಕತ್ತಿಯನ್ನು ಭುಜದಿಂದ ಎಳೆದು ಬೀಸಬೇಕು, ಅದಕ್ಕೆ ಆ ಬಿಗಿ. ಅಲಗಿನ ಬಾಲವನ್ನು ಹಿಡಿಯೊಳಗೆ ಕೂರಿಸೋಕೆ ಮೊಳೆ ಇಲ್ಲ, ವೆಲ್ಡಿಂಗ್ ಇಲ್ಲ. ಬರೀ ಅರಗು! ಬಿಸಿ ಮಾಡಿ ಹಿಡಿಯೊಳಗೆ ಸುರಿದು, ಬಾಲವನ್ನು ಕಾಯಿಸಿ ಒತ್ತಿದರೆ ಆರಿದ ಮೇಲೆ ಕಲ್ಲಾಗುತ್ತೆ. ನಾವು ಅರಗಿಗೆ ಇಟ್ಟಿಗೆ ಪುಡಿ ಸೇರಿಸಿದೆವು. ಮೊದಲ ಸಲ ಪುಡಿ ಜಾಸ್ತಿಯಾಯಿತು, ಒಂದೇ ಏಟಿಗೆ ಹಿಡಿ ಗಿರಗಿರ ತಿರುಗಿತು. ಎರಡನೇ ಸಲ ನಿಂತಿತು. ಇನ್ನೂ ನಿಂತಿದೆ.

ಅಲಗನ್ನು ಲಾರಿಯ ಕಮಾನ್ ಪಟ್ಟಿಯಲ್ಲಿ ಮಾಡಿದೆವು. ಇದನ್ನು ಹೇಳಿದ ತಕ್ಷಣ ಕೆಲವರ ಮುಖ ಬಾಡುತ್ತೆ. ಯಾಕೆ ಬಾಡಬೇಕು? ನಮ್ಮ ಹಳ್ಳಿಗಳ ಮಚ್ಚು, ಕುಡುಗೋಲು ಎಷ್ಟೋ ಅದರಲ್ಲೇ ಆಗುತ್ತವೆ. ಒಳ್ಳೆಯ ಉಕ್ಕು, ಬಗ್ಗಿದರೂ ವಾಪಸ್ ಬರುತ್ತೆ. ಆಚಾರ್ರು ಮೂರು ದಿನದಲ್ಲಿ ಬಡಿದು ಮುಗಿಸಿದರು. ಬಾಯಿ ಹರಿತ ಮಾಡಲಿಲ್ಲ, ದುಂಡಗೆ ಬಿಟ್ಟೆವು. ಅಲ್ಲಿಗೆ ನಕಲು ಮುಗಿಯಿತು. ತಮ್ಮ ಖುಷಿಯಾಗಿ ತಗೊಂಡು ಹೋದ.

ಆದರೆ ನನಗೆ ಸಮಾಧಾನ ಇರಲಿಲ್ಲ. ಅಳತೆ ತೆಗೆಯುವಾಗ ಒಂದು ವಿಷಯ ನೋಡಿಬಿಟ್ಟಿದ್ದೆ. ಆ ಮನೆಯ ಅಜ್ಜಿ ಪ್ರತಿ ಆಯುಧಪೂಜೆಗೂ ಕತ್ತಿಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರಂತೆ. ನಾನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದಾಗ ಅಲಗಿನ ಮೇಲೆ ಏನೋ ಹರಿದಾಡಿದ ಹಾಗಾಯಿತು. ಕೆರೆ ನೀರಿನ ಮೇಲೆ ಗಾಳಿ ಆಡಿದರೆ ಸಣ್ಣ ಸಣ್ಣ ಅಲೆ ಏಳುತ್ತಲ್ಲ, ಹಾಗೆ. ಬೂದು ಮೇಲೆ ಬಿಳಿ ಗೆರೆ. ಹುಣಸೆಯ ಹುಳಿ ಇಷ್ಟು ವರ್ಷ ಅದನ್ನು ಮೆಲ್ಲಗೆ ಎಬ್ಬಿಸುತ್ತಾ ಇತ್ತು. ಅಜ್ಜಿಗೆ ಗೊತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹೊಳಪು.

ಅದು ಮೂಸೆ ಉಕ್ಕು, ಅಂದರೆ ಮೂಸೆ ಎಂಬ ಸಣ್ಣ ಪಾತ್ರೆಯೊಳಗೆ ಮುಚ್ಚಿಟ್ಟು ಕರಗಿಸಿ ಮಾಡಿದ್ದು. ಹೊರಗಿನವರು ವೂಟ್ಜ್ ಅನ್ನುತ್ತಾರೆ. ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಹುಟ್ಟಿದ್ದು ಅಂತ ಬಹಳ ಮಂದಿ ವಿದ್ವಾಂಸರು ಒಪ್ಪುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಬಗ್ಗೆ ಪ್ರಬಂಧ ಓದಿದ. ಆಮೇಲೆ ಮೈಕೆಲ್ ಫ್ಯಾರಡೆ ಕೂಡ ಇದರ ಹಿಂದೆ ಬಿದ್ದ. ವಿದ್ಯುತ್ತಿನ ಫ್ಯಾರಡೆಯೇ. ಅವನಪ್ಪ ಕಮ್ಮಾರ, ಅದಕ್ಕೇ ಕೈ ತುರಿಸಿರಬೇಕು. ಈ ಗೆರೆಗಳಿಗೆ ಅಲ್ಯೂಮಿನಿಯಂ ಕಾರಣ ಅಂತ ಅಂದುಕೊಂಡ. ತಪ್ಪಾಗಿತ್ತು.

ಇದು ಎಲ್ಲೋ ದೂರದ ಕಥೆ ಅಂತ ನಾನೂ ಅಂದುಕೊಂಡಿದ್ದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರ್ ಮೈಸೂರು ಸೀಮೆಯಲ್ಲಿ ಊರೂರು ತಿರುಗಿ ಬರೆದುಕೊಂಡ. ಅವನು ಉಕ್ಕು ಮಾಡುವ ಕುಲುಮೆಗಳನ್ನು ನೋಡಿದ್ದು ಮಧುಗಿರಿ, ಚನ್ನರಾಯನದುರ್ಗದ ಸುತ್ತಮುತ್ತ. ಅಂದರೆ ಗೆಳೆಯನ ಮನೆಯಿಂದ ಬೈಕ್‌ನಲ್ಲಿ ಹೋಗಿಬರುವಷ್ಟು ದೂರ. ಹಸಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ಮೂರು ರೂಪಾಯಿ ನಾಣ್ಯದ ತೂಕದಷ್ಟು ತಂಗಡಿ ಕಡ್ಡಿ, ಒಂದು ಬಳ್ಳಿಯ ಎರಡು ಹಸಿರೆಲೆ. ಮೇಲೆ ಮಣ್ಣಿನ ಮುಚ್ಚಳ. ಅಂಥ ಮೂಸೆಗಳನ್ನು ಒಟ್ಟಾಗಿ ಜೋಡಿಸಿ ತಿದಿ ಒತ್ತುವುದು. ತಂಗಡಿ ಅಂದರೆ ನಮ್ಮ ರಸ್ತೆ ಬದಿಯ ಹಳದಿ ಹೂವಿನ ಆವರಿಕೆ. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಇಳಿದು ಅದು ಉಕ್ಕಾಗುತ್ತೆ. ಆ ಉಕ್ಕಿನಲ್ಲಿ ಏನೇನು ಮಾಡುತ್ತಿದ್ದರು ಅಂತಲೂ ಬರೆದಿದ್ದಾನೆ. ಕಲ್ಲುಕುಟಿಗರ ಚಾಣ, ಕತ್ತಿಯ ಅಲಗು, ಆಮೇಲೆ ವಾದ್ಯದ ತಂತಿ. ತಂತಿಗೆ ಚನ್ನಪಟ್ಟಣ ಆಗ ಹೆಸರುವಾಸಿ. ವೀಣೆಗೂ ಕತ್ತಿಗೂ ಒಂದೇ ಉಕ್ಕು ನೋಡಿ.

ಇಷ್ಟು ಓದಿದ ಮೇಲೆ ಸುಮ್ನೆ ಇರೋಕೆ ಆಗಲ್ಲ ಅಲ್ವಾ? ನಾವೂ ಕರಗಿಸೋಕೆ ಕೂತೆವು. ಪರಿಚಯದವರ ಫೌಂಡ್ರಿಯಲ್ಲಿ ಗ್ಯಾಸ್ ಒಲೆ ಸಿಕ್ಕಿತು.

ಮೂಸೆಯಲ್ಲಿ ಕರಗಿ ಆರಿದ ಉಂಡೆಗೆ ಗಟ್ಟಿ ಅಂತಾರೆ. ಮೊದಲ ಗಟ್ಟಿ ನೋಡೋಕೆ ಚೆನ್ನಾಗಿತ್ತು, ಮೇಲೆ ನಕ್ಷತ್ರದ ಥರ ಗೆರೆ. ಅಡಿಗಲ್ಲಿನ ಮೇಲಿಟ್ಟು ಒಂದು ಏಟು ಹಾಕಿದರೆ ಎರಡು ಹೋಳು. ಮೂಸೆ ಗ್ರಾಫೈಟ್‌ನದ್ದು. ಅದರ ಇಂಗಾಲವೂ ಒಳಗೆ ಹೋಗಿತ್ತು. ಹಳೆಯ ಮೂಸೆ ಉಕ್ಕಿನಲ್ಲಿ ಇಂಗಾಲ ಸುಮಾರು 1.5 ಪರ್ಸೆಂಟ್. ಲಾರಿ ಪಟ್ಟಿಯಲ್ಲಿ ಸುಮಾರು 0.6. ಎರಡು ದಾಟಿದರೆ ಅದು ಉಕ್ಕಲ್ಲ, ಬೀಡು, ಅಂದರೆ ಏಟು ಬಿದ್ದರೆ ಒಡೆಯುವ ಎರಕದ ಕಬ್ಬಿಣ. ನಾವು ಮಾಡಿದ್ದು ಬೀಡು.

ಮಣ್ಣಿನ ಮೂಸೆಗೆ ಬಂದೆವು. ಎರಡನೇ ಗಟ್ಟಿ ಸರಿಯಾಗಿತ್ತು. ಆದರೆ ಆಚಾರ್ರು ಅಭ್ಯಾಸಬಲದಿಂದ ಅದನ್ನು ಲಾರಿ ಪಟ್ಟಿಯ ಹಾಗೆ ಹಳದಿ ಬಣ್ಣ ಬರುವವರೆಗೂ ಕಾಯಿಸಿದರು. ಸಮ್ಮಟಿ ಬಿದ್ದದ್ದೇ ತಡ, ಅಚ್ಚುಬೆಲ್ಲ ಒಡೆದ ಹಾಗೆ ಪುಡಿಪುಡಿ. ಇಕ್ಕಳದಲ್ಲಿ ಒಂದು ಚೂರು ಮಾತ್ರ ಉಳಿಯಿತು. ಆಚಾರ್ರು ಅದನ್ನೇ ನೋಡುತ್ತಾ ನಿಂತರು. "ಇದು ಮುನಿಸ್ಕೊಳ್ಳೋ ಕಬ್ಬಿಣ ಸಾರ್," ಅಂದರು. ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಲ್ಲ. ಈ ಉಕ್ಕನ್ನು ಕೆಂಪಿಗೆ, ಹೆಚ್ಚೆಂದರೆ ಕಿತ್ತಳೆ ಬಣ್ಣಕ್ಕೆ ಕಾಯಿಸಬೇಕು. ಜಾಸ್ತಿ ಕಾದರೆ ಪುಡಿಯಾಗುತ್ತೆ, ಕಮ್ಮಿಯಾದರೆ ಬಿರಿಯುತ್ತೆ. ಸಣ್ಣ ಏಟು, ಮತ್ತೆ ಒಲೆಗೆ, ಮತ್ತೆ ಸಣ್ಣ ಏಟು. ಹೀಗೆ ಹತ್ತಾರು ಸಲ.

ಆ ಹತ್ತಾರು ಸಲದಲ್ಲೇ ಗೆರೆ ಹುಟ್ಟುವುದು. ಅಯೋವಾದ ಲೋಹಶಾಸ್ತ್ರದ ಪ್ರೊಫೆಸರ್ ಜಾನ್ ವರ್ಹೋವನ್, ಫ್ಲೋರಿಡಾದಲ್ಲಿ ಕುದುರೆಗೆ ಲಾಳ ಕಟ್ಟುವ ಆಲ್ಫ್ರೆಡ್ ಪೆಂಡ್ರೇ, ಇಬ್ಬರೂ ವರ್ಷಗಟ್ಟಲೆ ಸೇರಿ ಕೆಲಸ ಮಾಡಿ 1998ರಲ್ಲಿ ಇದನ್ನು ವಿವರಿಸಿದರು. ಅದಿರಿನಲ್ಲಿ ವನೇಡಿಯಂ ಥರದ ಲೋಹ ಲೆಕ್ಕಕ್ಕೇ ಬಾರದಷ್ಟು ಇದ್ದರೂ ಸಾಕು. ಮತ್ತೆ ಮತ್ತೆ ಕಾಯಿಸಿ ಆರಿಸುವಾಗ ಇಂಗಾಲದ ಗಟ್ಟಿ ಕಣಗಳು ಅದರ ಸುತ್ತ ಸಾಲು ಕಟ್ಟುತ್ತವೆ. ಆ ಸಾಲೇ ಗೆರೆ. ಅದಿರು ಬದಲಾದರೆ, ಅದೇ ಕೈ ಅದೇ ಕೆಲಸ ಮಾಡಿದರೂ ಗೆರೆ ಬರದೇ ಹೋಗಬಹುದು. ಈ ಗೆರೆ ಬರಿಸುವ ವಿದ್ಯೆ ಕಳೆದುಹೋಗೋಕೆ ಇದೂ ಒಂದು ಕಾರಣ ಇರಬಹುದು ಅಂತ ಅವರ ಅಂದಾಜು. ಇವತ್ತು ಆನ್‌ಲೈನ್‌ನಲ್ಲಿ ‘ಡಮಾಸ್ಕಸ್’ ಅಂತ ಮಾರುವ, ಇಂಥದ್ದೇ ಗೆರೆ ಕಾಣುವ ಅಡುಗೆ ಚಾಕುಗಳು ಬೇರೆ. ಅವು ಎರಡು ಥರದ ಉಕ್ಕನ್ನು ಪದರ ಪದರವಾಗಿ ಬೆಸೆದದ್ದು, ಚಿರೋಟಿ ಥರ. ಅದೂ ಒಳ್ಳೆಯ ಕೆಲಸವೇ, ಆದರೆ ಇದಲ್ಲ.

ಮೂರನೇ ಗಟ್ಟಿ ದಾರಿಗೆ ಬಂತು. ಒಂದು ತಿಂಗಳ ಭಾನುವಾರಗಳೆಲ್ಲ ಹೋದ ಮೇಲೆ ನಮ್ಮ ಕೈಯಲ್ಲಿದ್ದದ್ದು ಒಂದು ಗೇಣುದ್ದದ ಚಾಕು. ತಲವಾರ್ ಅಲ್ಲ, ಚಾಕು. ಹಳಬರು ಗೆರೆ ಎಬ್ಬಿಸೋಕೆ ಅನ್ನಭೇದಿಯಂಥದ್ದು ಬಳಸುತ್ತಿದ್ದರು. ನಾನು ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಫೆರಿಕ್ ಕ್ಲೋರೈಡ್ ತಂದೆ, ಎಲೆಕ್ಟ್ರಾನಿಕ್ಸ್ ಹುಡುಗರು ಸರ್ಕ್ಯೂಟ್ ಬೋರ್ಡ್‌ಗೆ ಹಾಕ್ತಾರಲ್ಲ, ಅದೇ. ನೀರು ಬೆರೆಸಿ ಚಾಕು ಅದ್ದಿದೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಹಿಡಿಯ ಕಡೆ ಎರಡು ಇಂಚು ಗೆರೆ ಎದ್ದಿತು, ಮೊನೆಯ ಕಡೆ ಮಸುಕು. ಆ ಎರಡು ಇಂಚನ್ನು ಅಸಲಿನ ಪಕ್ಕ ಹಿಡಿದು ನೋಡಿದೆ. ಅಸಲಿನದ್ದು ಹರಿಯುವ ನೀರು. ನಮ್ಮದು ಗೋಡೆಗೆ ಸುಣ್ಣ ಹೊಡೆದ ಬ್ರಷ್ ಗುರುತು. ಅಷ್ಟು ವ್ಯತ್ಯಾಸ.

ಇನ್ನು ದುಡ್ಡಿನ ವಿಷಯಕ್ಕೆ ಬರೋಣ, ಜಾಸ್ತಿ ಜನಕ್ಕೆ ಅದೇ ಬೇಕು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಶಯನಗೃಹದ ಕತ್ತಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ನಮ್ಮ ರೂಪಾಯಿಯಲ್ಲಿ ನೂರನಲವತ್ತು ಕೋಟಿ ದಾಟುತ್ತೆ. ತಮಾಷೆ ಏನಂದರೆ, ಹರಾಜು ಮನೆಯವರೇ ಹೇಳಿದ ಪ್ರಕಾರ ಅದರ ಅಲಗು ಜರ್ಮನಿಯ ಅಲಗುಗಳ ಮಾದರಿ ನೋಡಿ ಮೊಘಲ್ ಕಮ್ಮಾರರು ಮಾಡಿದ್ದು. ಅಂದರೆ ಅದೂ ಒಂದು ಲೆಕ್ಕದಲ್ಲಿ ನಕಲೇ. ಆ ಸುದ್ದಿ ಬಂದ ಮೇಲೆ ನನಗೆ ಬರುವ ಫೋನ್ ಜಾಸ್ತಿಯಾಯಿತು. ಒಬ್ಬರಂತೂ ನೇರವಾಗಿ, "ಇಸವಿ ಕೆತ್ತಬೇಡಿ, ಆರು ತಿಂಗಳು ತಿಪ್ಪೆಯಲ್ಲಿ ಹೂತಿಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದರು. ಫೋನ್ ಇಟ್ಟೆ.

ಹಾಗಾಗಿ ಎಲ್ಲರಿಗೂ ಹೇಳುವುದು ಇದು. ನಾನು ಮಾರಾಟಕ್ಕೆ ಕತ್ತಿ ಮಾಡಲ್ಲ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು, ಅಡುಗೆ ಬೇಸಾಯದ್ದು ಬಿಟ್ಟರೆ, ಆಯುಧ ಕಾನೂನಿನ ಲೆಕ್ಕಕ್ಕೆ ಬರುತ್ತೆ. ಗೆಳೆಯನ ಕತ್ತಿಗೂ ಮೊದಲು ಠಾಣೆಗೆ ಹೋಗಿ, ಬರೆದುಕೊಟ್ಟು, ಕೇಳಿಯೇ ಕೈ ಹಾಕಿದ್ದು. ಮಾಡಿದ ನಕಲಿನ ಬೆನ್ನ ಮೇಲೆ ಇಸವಿ ಕೆತ್ತಿದ್ದೇವೆ, ಹಿಡಿಯೊಳಗಿನ ಬಾಲದ ಮೇಲೂ ಕೆತ್ತಿದ್ದೇವೆ. ಮೇಲಿನದ್ದನ್ನು ಯಾರಾದರೂ ಉಜ್ಜಿ ತೆಗೆದರೂ ಒಳಗಿನದ್ದು ಇರುತ್ತೆ. ಮೊಮ್ಮಕ್ಕಳ ಕಾಲಕ್ಕೆ ಎರಡರಲ್ಲಿ ಯಾವುದು ಯಾರದ್ದು ಅಂತ ಮತ್ತೆ ಪಂಚಾಯಿತಿ ಆಗಬಾರದಲ್ಲ. ಮನೆಯಲ್ಲಿ ನಿಜವಾಗಿ ಹಳೆಯದು ಇದ್ದರೆ ಮರಳು ಕಾಗದ ಹಾಕಿ ಉಜ್ಜಬೇಡಿ, ಬ್ರಾಸೋ ಪಾಲಿಶ್ ಬೇಡ, ತೆಳ್ಳಗೆ ಎಣ್ಣೆ ಸವರಿ ಸಾಕು. ನೂರು ವರ್ಷ ದಾಟಿದ್ದನ್ನು ವಿದೇಶದಲ್ಲಿರುವ ಮಗನಿಗೆ ಕಳಿಸೋಣ ಅಂತಲೂ ಹೊರಡಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆ ಬಿಡಲ್ಲ.

ಮೂರನೇ ಗಟ್ಟಿಯಲ್ಲಿ ಚಾಕು ಆದ ಮೇಲೆ ಹೆಬ್ಬೆರಳು ಗಾತ್ರದ ಒಂದು ತುಂಡು ಮಿಕ್ಕಿತ್ತು. ನನ್ನ ಟೇಬಲ್ ಮೇಲೆ ಇಟ್ಟುಕೊಳ್ಳೋಣ ಅಂತಿದ್ದೆ. ಆಚಾರ್ರು ಕೇಳಿದರು, ಕೊಟ್ಟೆ. ಅದನ್ನು ಬಡಿದು ಒಂದು ಚಾಣ ಮಾಡಿ, ತಮ್ಮ ಕುಲುಮೆಗೆ ಬರುವ ಕಲ್ಲು ಕೆಲಸದವರೊಬ್ಬರಿಗೆ ಕೊಟ್ಟಿದ್ದಾರೆ. ಬುಕಾನನ್ ಬರೆದದ್ದನ್ನು ನಾನು ಅವರಿಗೆ ಹೇಳೇ ಇರಲಿಲ್ಲ. ಹೋದ ವಾರ ಆ ಕಡೆ ಹೋಗಿದ್ದಾಗ ಕೇಳಿದೆ, "ಏನಂತಾರೆ ಆಚಾರ್ರೇ, ಚಾಣ ಹೆಂಗಿದೆಯಂತೆ?"

"ಬೇರೆ ಚಾಣ ಎಲ್ಲ ಸಾಣೆಗೆ ತಂದ್ರು ಸಾರ್," ಅಂದರು. "ಅದನ್ನ ಇನ್ನೂ ತಂದಿಲ್ಲ."