ಫೋಂಡಾ ಮನೆ: ಗೋಡೆ ಲಿಂಟಲ್ ಮಟ್ಟಕ್ಕೆ ಬಂತು

ಗೋವಾದ ಫೋಂಡಾ ಹತ್ತಿರದ ನಮ್ಮ ಸೈಟಿನಲ್ಲಿ ಗೋಡೆಗಳು ಈ ತಿಂಗಳು ಲಿಂಟಲ್ ಮಟ್ಟ, ಅಂದರೆ ಬಾಗಿಲು-ಕಿಟಕಿಗಳ ಮೇಲಿನ ತೊಲೆ ಕೂರುವ ಎತ್ತರ, ಮುಟ್ಟಿದವು. ಜೂನ್‌ಗೆ ಮೊದಲು ಹೆಂಚು ಹೊದಿಸಬೇಕು. ಕರಿಕಲ್ಲಿನ ತಳಪಾಯ ಮೊದಲೇ ಮುಗಿದಿತ್ತು, ನೆಲದ ತೇವ ಮೇಲೇರದಂತೆ ಅದನ್ನು ಚೆನ್ನಾಗಿ ಎತ್ತರಿಸಿದ್ದೇವೆ. ಹಾಗಾಗಿ ಈ ಸಲ ಗೋಡೆಯದ್ದೇ ಮಾತು.

ಈ ಮನೆಗೆ ನಾನು ಇಟ್ಟುಕೊಂಡ ನಿಯಮ ಒಂದೇ. ಯಾವ ಭಾಗ ಕೆಟ್ಟರೂ ಅದನ್ನಷ್ಟೇ ಬಿಚ್ಚಿ ರಿಪೇರಿ ಮಾಡಲು ಬರಬೇಕು. ಅದೂ ಊರಿನ ಗೌಂಡಿಗೆ, ಊರಿನ ಬಡಗಿಗೆ. ಗೋವಾದಲ್ಲಿ ಇಷ್ಟು ಹಳೆ ಮನೆಗಳು ಇನ್ನೂ ನಿಂತಿರುವುದು ಇದರಿಂದಲೇ ಅಂತ ನನಗೆ ಅನಿಸುತ್ತದೆ. ಹೆಂಚು, ರೀಪು, ಗಾರೆ ಎಲ್ಲ ಎಷ್ಟೋ ಸಲ ಬದಲಾಗಿರುತ್ತವೆ. ಹಾಗೆ ಬದಲಾಯಿಸುವಾಗ ಗೋಡೆ ಒಡೆಯಬೇಕಾಗಿ ಬಂದಿಲ್ಲ.

ಕಲ್ಲು ನಮಗೆ ಸಿಕ್ಕಿದ್ದು ಪಕ್ಕದ ಊರಲ್ಲಿ ಕೆಡವುತ್ತಿದ್ದ ಒಂದು ಹಳೆ ಮನೆಯಿಂದ. ಎಲ್ಲ ಚಿರೆಕಲ್ಲು, ಅಂದರೆ ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯ ಕಲ್ಲು ಸುತ್ತಿಗೆಯ ಸಣ್ಣ ಪೆಟ್ಟಿಗೇ ಇಡಿಯಾಗಿ ಬಿಟ್ಟುಕೊಂಡಿತು. ಅದೇ ಮನೆಗೆ ಆಮೇಲೆ ಸಿಮೆಂಟಿನಲ್ಲಿ ಸೇರಿಸಿದ್ದ ಕೋಣೆಯ ಕಲ್ಲು ಕೀಳಲು ಹೋದರೆ ಕಲ್ಲೇ ಒಡೆಯಿತು, ಸಿಮೆಂಟ್ ಬಿಡಲಿಲ್ಲ. ಗಾರೆ ಕಲ್ಲಿಗಿಂತ ಮೆದುವಾಗಿರಬೇಕು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ? ಬಿರುಕು ಬಂದರೂ ಸಂದಿಯಲ್ಲೇ ಬರುತ್ತದೆ. ಕೆರೆದು ಮತ್ತೆ ತುಂಬಬಹುದು.

ಚಿರೆಕಲ್ಲು ನೆಲದೊಳಗೆ ಇರುವಾಗ ಮೆತ್ತಗಿರುತ್ತದೆ, ಕಡಿದು ಗಾಳಿಗೆ ಇಟ್ಟ ಮೇಲೆ ಗಟ್ಟಿಯಾಗುತ್ತದೆ. ಹಳೆ ಮನೆಯ ಕಲ್ಲು ಆ ಹಂತ ಯಾವಾಗಲೋ ದಾಟಿದೆ. ಆದರೂ ಕೆಲವನ್ನು ಪರೀಕ್ಷೆಗೆ ಕೊಟ್ಟೆವು. ಚಿರೆಕಲ್ಲಿಗಿರುವ ಭಾರತೀಯ ಮಾನಕ ಐಎಸ್ 3620 ಪ್ರಕಾರ ಪ್ರತಿ ಚದರ ಮಿಲಿಮೀಟರ್‌ಗೆ ಕನಿಷ್ಠ 3.5 ನ್ಯೂಟನ್ ತಡೆಯಬೇಕು. ನಮ್ಮ ಕಲ್ಲು ಪಾಸಾಯಿತು. 3 ಮೀಟರ್ ಎತ್ತರದ ಗೋಡೆ ತನ್ನ ಭಾರದಿಂದ ಬುಡದ ಕಲ್ಲಿನ ಮೇಲೆ ಹಾಕುವ ಒತ್ತಡ ಅದೇ ಅಳತೆಯಲ್ಲಿ ಸುಮಾರು 0.06 ನ್ಯೂಟನ್ ಅಷ್ಟೇ. ಒಂದಂತಸ್ತಿನ ಮನೆಗೆ ಈ ಕಲ್ಲು ಧಾರಾಳವಾಗಿ ಸಾಕು.

ನಮ್ಮ ಗೌಂಡಿ ಕಾಕಾ ಬಾದಾಮಿ ಕಡೆಯವರು. ಸುಣ್ಣದ ಕೆಲಸವನ್ನು ಅವರ ಅಪ್ಪನಿಂದ ಕಲಿತವರು. ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ, ಮೇಲೆ ನೀರು ನಿಲ್ಲಿಸಿ, ವಾರಗಟ್ಟಲೆ ಹಾಗೇ ಬಿಟ್ಟಿದ್ದೆವು. ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ (ಇಟ್ಟಿಗೆ ಪುಡಿ), ಎರಡು ಪಾಲು ಮರಳು. ಸುರ್ಕಿ ಸುಮ್ನೆ ಹಾಕಿದ್ದಲ್ಲ. ಬರೀ ಸುಣ್ಣ ಗಟ್ಟಿಯಾಗಲು ಗಾಳಿಯ ಇಂಗಾಲದ ಡೈಆಕ್ಸೈಡ್ ಬೇಕು. ದಪ್ಪ ಗೋಡೆಯ ಒಳಗೆ ಅದು ಬೇಗ ಮುಟ್ಟುವುದಿಲ್ಲ. ಇಟ್ಟಿಗೆ ಪುಡಿಯ ಸಿಲಿಕಾ ಸುಣ್ಣದ ಜೊತೆ ಸೇರಿದರೆ ಗಾಳಿ ಇಲ್ಲದೆಯೂ ಗಾರೆ ಹಿಡಿದುಕೊಳ್ಳುತ್ತದೆ.

"ಅಕ್ಕಾರ, ಇದು ಸಿಮೆಂಟ್ ಅಲ್ರಿ. ಅವಸರ ಮಾಡಿದ್ರ ನಡೆಯಂಗಿಲ್ಲ" ಅಂತ ಕಾಕಾ ದಿನಕ್ಕೆ ಕಲ್ಲಿನ ಮೂರು ಸಾಲಿಗಿಂತ ಮೇಲೆ ಏರಿಸಲು ಬಿಡಲೇ ಇಲ್ಲ. ಬಿಸಿಲಿಗೆ ಒಣಗಬಾರದು ಅಂತ ಗೋಡೆಗೆಲ್ಲ ಒದ್ದೆ ಗೋಣಿಚೀಲ. ನಿಧಾನ ಆಯಿತು ನಿಜ. ಆದರೆ ಸಂದಿಗಳನ್ನು ನೋಡಿದರೆ ಖುಷಿಯಾಗುತ್ತದೆ.

ಪರಿಸರದ ಲೆಕ್ಕವೂ ಇದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊಗೆಯಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟ್ ತಯಾರಿಕೆಯದ್ದು. ಪುಡಿ ಮಾಡಿ ಸಿಮೆಂಟ್ ಮಾಡುವ ಸುಟ್ಟ ಉಂಡೆಗೆ, ಅಂದರೆ ಕ್ಲಿಂಕರ್‌ಗೆ, 1,450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಸುಣ್ಣಕ್ಕೆ 900ರ ಆಸುಪಾಸು ಸಾಕು. ಗಟ್ಟಿಯಾಗುವಾಗ ಸುಣ್ಣ ತಾನು ಬಿಟ್ಟ ಅನಿಲದಲ್ಲಿ ಒಂದಷ್ಟನ್ನು ಮತ್ತೆ ಹೀರಿಕೊಳ್ಳುತ್ತದೆ ಕೂಡ.

ಜಾಸ್ತಿ ಚರ್ಚೆ ಆಗಿದ್ದು ಲಿಂಟಲ್ ಮೇಲೆ. ಸ್ಟೀಲೇ ಬೇಡ, ಕಿಟಕಿಗಳಿಗೆಲ್ಲ ಕಲ್ಲಿನ ಕಮಾನು ಸಾಕು ಅನ್ನುವುದು ನನ್ನ ಆಸೆ. ಕರಾವಳಿಯ ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಸಿಡಿಸುತ್ತದೆ. ವಾಸ್ಕೋದಲ್ಲಿ ನಾವಿರುವ ಬಿಲ್ಡಿಂಗಿನ ಬಾಲ್ಕನಿಗಳಲ್ಲಿ ಅದನ್ನು ದಿನಾ ನೋಡುತ್ತೇನೆ. ಆದರೆ ನಮ್ಮ ಎಂಜಿನಿಯರ್ ಒಪ್ಪಲಿಲ್ಲ. ಭೂಕಂಪದಲ್ಲಿ ಗೋಡೆಗಳು ಮೂಲೆಯಲ್ಲಿ ಬಿಟ್ಟುಕೊಳ್ಳದಂತೆ ಸುತ್ತಲೂ ಒಂದು ಪಟ್ಟಿ ಬೇಕೇ ಬೇಕು ಅಂದರು. ಜೀವದ ಪ್ರಶ್ನೆ, ಅವರ ಮಾತೇ ಸರಿ. ಹಾಗಾಗಿ ಲಿಂಟಲ್ ಮಟ್ಟದಲ್ಲಿ ಮನೆ ಸುತ್ತ ಒಂದು ಕಾಂಕ್ರೀಟ್ ಬ್ಯಾಂಡ್ ಬರುತ್ತದೆ. ಕಂಬಿಯ ಮೇಲೆ ಕರಾವಳಿ ಹವೆಗೆ ಕಾಂಕ್ರೀಟಿನ ಮಾನಕ ಐಎಸ್ 456 ಹೇಳುವಂತೆ 45 ಮಿಲಿಮೀಟರ್ ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ. ಆ ಅಂತರ ಕಾಯಲು ಕಂಬಿಗೆ ಕೊಡುವ ಕವರ್ ಬ್ಲಾಕ್‌ಗಳನ್ನು ನಾನೇ ಅಳೆದು ನೋಡಿದೆ. ಗೋಡೆಯಲ್ಲಿ ಸ್ಟೀಲ್ ಇರುವ ಜಾಗ ಇದೊಂದೇ.

ಪೈಪು, ವೈರು ಯಾವುದನ್ನೂ ಗೋಡೆಯೊಳಗೆ ಹೂಳುತ್ತಿಲ್ಲ. ಎಲ್ಲ ಹೊರಗೆ, ಕೈಗೆ ಸಿಗುವ ಹಾಗೆ.

ಮುಂದೆ ಮಾಡು. ಮರ ಮತ್ತಿ. ಹೆಂಚು ಮಂಗಳೂರಿನದ್ದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಕರಾವಳಿಗೆಲ್ಲ ಹಬ್ಬಿದ ಹೆಂಚು. ಒಂದಕ್ಕೊಂದು ಕೊಂಡಿಯಾಗಿ ಕೂರುತ್ತದೆ, ಒಡೆದ ಒಂದನ್ನಷ್ಟೇ ತೆಗೆದು ಬೇರೆ ಇಡಬಹುದು. ನನ್ನ ನಿಯಮಕ್ಕೆ ಇದಕ್ಕಿಂತ ಒಳ್ಳೆ ಮಾಡು ಇಲ್ಲ.

ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ನಮ್ಮ 90 ಚದರ ಮೀಟರ್ ಮಾಡಿನ ಮೇಲೆ ಬೀಳುವುದು ಹತ್ತಿರ ಹತ್ತಿರ 2,70,000 ಲೀಟರ್. ಅದನ್ನು ಸೋಸಿ ಬಾವಿಗೆ ಬಿಡುತ್ತೇವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅಂದರೆ ಮುಂದೆ ಜಡಿಮಳೆಯ ಜೋರು ಹೆಚ್ಚುತ್ತದೆ. ಅದಕ್ಕೇ ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದೋಣಿಯನ್ನು ಲೆಕ್ಕಕ್ಕಿಂತ ಒಂದು ಸೈಜ್ ದೊಡ್ಡದು ತೆಗೆದುಕೊಂಡೆವು. ಸೂರನ್ನು ಗೋಡೆಯಿಂದ 1 ಮೀಟರ್ ಹೊರಗೆ ಚಾಚಿಸುತ್ತೇವೆ.

ಹೊರಗಿನ ಗಾರೆ ಮಳೆಗಾಲ ಮುಗಿದ ಮೇಲೆ, ನವೆಂಬರ್‌ಗೆ. ಮೇಲಿನ ಕೋಟ್‌ಗೆ ಚಿಪ್ಪಿನ ಸುಣ್ಣ ಬಳಸುವ ಯೋಚನೆ ಇದೆ. ಕಾರವಾರ, ಕುಮಟಾ ಕಡೆ ಚಿರೆಕಲ್ಲಿನ ಗೋಡೆಗೆ ಅದನ್ನು ಮಾಡಿಸಿದವರು ಇದ್ದರೆ, ಮರಳು ಎಷ್ಟು ಸಣ್ಣದು ಹಾಕಿದಿರಿ, ಎಷ್ಟು ದಿನ ನೀರು ಹೊಡೆದಿರಿ, ದಯವಿಟ್ಟು ತಿಳಿಸಿ.