ಅಜ್ಜಿ ಮನೆಗೆ ಅವನನ್ನು ಕರೆದುಕೊಂಡು ಹೋದೆ

ನನ್ನ ಅಜ್ಜಿಗೆ ಎಂಬತ್ತು ದಾಟಿದೆ. ಯಲ್ಲಾಪುರದ ಕಡೆ ಅಡಿಕೆ ತೋಟದ ಮನೆ. ನಾನು ಮದುವೆಯಾಗುವ ಹುಡುಗನೂ ಅದೇ ತಾಲೂಕಿನವನು, ಕಾಡಿನ ಅಂಚಿನ ಒಂದು ಸಣ್ಣ ಕೇರಿಯವನು. ಸಿದ್ದಿ. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದದ್ದು ಅರ್ಥವಾಗುತ್ತದೆ.

ಬೇರೆಯವರಿಗೆ ಸ್ವಲ್ಪ ಹೇಳಬೇಕು. ಸಿದ್ದಿಗಳ ಹಿರಿಯರು ಆಫ್ರಿಕಾದವರು. ತುಂಬಾ ಜನರನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದಿದ್ದರು, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ತಲೆಮಾರುಗಳಿಂದ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಆದರೂ ಬೆಂಗಳೂರಿನಲ್ಲಿ ಆಟೋದವರು ನನ್ನ ಹುಡುಗನ ಹತ್ತಿರ ಇಂಗ್ಲಿಷಿನಲ್ಲೇ ಮಾತು ಶುರು ಮಾಡುತ್ತಾರೆ. ಒಂದು ಲಾಡ್ಜಿನಲ್ಲಿ ಆಧಾರ್ ಕೊಟ್ಟ ಮೇಲೂ ಪಾಸ್‌ಪೋರ್ಟ್ ಕೇಳಿದ್ದರು.

ಅಜ್ಜಿಗೆ ಆ ಗೊಂದಲ ಇಲ್ಲ. ಅವಳಿಗೆ ಸಿದ್ದಿಗಳು ಚೆನ್ನಾಗಿ ಗೊತ್ತು. ತೋಟದ ಕೆಲಸಕ್ಕೆ ಬರುತ್ತಿದ್ದರು, ಅಂಗಳದಲ್ಲೇ ಊಟ, ಅಲ್ಲಿಂದಲೇ ವಾಪಸ್. ಫೋನಿನಲ್ಲಿ ವಿಷಯ ಹೇಳಿದಾಗ ಮೊದಲು ಜಾತಿ ಎತ್ತಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಹುಟ್ಟೋ ಮಕ್ಕಳು ಯಾವ ಬಣ್ಣ? ಆ ಕೂದಲು ಬಂದ್ರೆ ಎಂತ ಮಾಡ್ತೆ?" ನನಗೆ ಕೈ ನಡುಗಿತು. ಇದೇ ಅಜ್ಜಿ ನನಗೆ ತಲೆ ಬಾಚಿ, ಹೂ ಮುಡಿಸಿ ಶಾಲೆಗೆ ಕಳಿಸಿದವಳು. ಜೋರು ಮಾಡಲಿಲ್ಲ. ಅವನನ್ನು ಕರೆದುಕೊಂಡು ಬರ್ತೀನಿ, ಅವನು ಒಳಗೇ ಕೂರುತ್ತಾನೆ, ಎಲ್ಲರ ಸಾಲಿನಲ್ಲೇ ಉಣ್ಣುತ್ತಾನೆ, ಆಗೋದಿಲ್ಲ ಅಂದ್ರೆ ಈಗಲೇ ಹೇಳು, ನಾನೂ ಬರೋದಿಲ್ಲ ಅಂದೆ. ತುಂಬಾ ಹೊತ್ತಿನ ಮೇಲೆ "ಬನ್ನಿ" ಅಂದಳು.

ನೆಂಟರದು ಒಂದೇ ಸಲಹೆ. ಅವನು ಸ್ವಲ್ಪ ಹೊಂದಿಕೊಳ್ಳಲಿ, ಕಾಲಿಗೆ ಬೀಳಲಿ, ನಗುನಗುತ್ತಾ ಮಾತಾಡಲಿ, ಮುದುಕಿ ಕರಗ್ತಾಳೆ. ನನಗೆ ಇದು ಒಂಚೂರೂ ಹಿಡಿಸಲಿಲ್ಲ. ಅವನು ಪಾಸಾಗಬೇಕಾದ ಪರೀಕ್ಷೆ ಯಾವುದೂ ಅಲ್ಲಿರಲಿಲ್ಲ. ನಿನಗೆ ಹೇಗೆ ಅನ್ನಿಸುತ್ತೋ ಹಾಗಿರು, ಎದ್ದು ಹೋಗೋಣ ಅನ್ನಿಸಿದರೆ ಹೇಳು, ಇಬ್ಬರೂ ಏಳೋಣ ಎಂದಷ್ಟೇ ಅವನಿಗೆ ಹೇಳಿದೆ.

ಹೋದೆವು. ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ, ನೀರು. ಅಜ್ಜಿಯೇ ತಂದಳು. ನನ್ನ ಲೋಟ ಕೈಗೆ ಕೊಟ್ಟಳು. ಅವನದನ್ನು ನೆಲದ ಮೇಲಿಟ್ಟು, ಎರಡು ಬೆರಳಿನಲ್ಲಿ ಅವನ ಕಡೆ ಸರಿಸಿದಳು. ಲೋಟದ ನೀರು ತುಳುಕಿ ಕಾವಿ ನೆಲದ ಮೇಲೆ ಚೆಲ್ಲಿತು. ಅಮ್ಮ ಗೋಡೆ ನೋಡುತ್ತಾ ನಿಂತಳು. ನಾನು ಲೋಟ ಎತ್ತಿ ಅಜ್ಜಿಯ ಕೈಗೇ ಕೊಟ್ಟು, "ಕೈಗೆ ಕೊಡು ಅಜ್ಜಿ" ಅಂದೆ. ಎಲ್ಲರಿಗೂ ಕೇಳಿಸಿತು, ಕೇಳಿಸಲಿ ಅಂತಲೇ ಅಂದಿದ್ದು. ಕೊಟ್ಟಳು. ಮುಖ ಮಾತ್ರ ತೋಟದ ಕಡೆ.

ಆಮೇಲೆ ತಾನೇ ಮಾತು ತೆಗೆದಳು. ಹಿಂದೆ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಹೆಂಗಸರು ಎಷ್ಟು ನಂಬಿಕಸ್ಥರು, ಎಷ್ಟು ಗಟ್ಟಿಗರು ಅಂತ ಹೊಗಳಿದಳು. ಒಳ್ಳೇ ಮಾತು ಅಂತಲೇ ಅವಳು ಅಂದುಕೊಂಡಿದ್ದಳು. ಅವನು ಪೂರ್ತಿ ಕೇಳಿಸಿಕೊಂಡು, "ನಮ್ಮಜ್ಜಿಯೂ ಇಂಥ ಮನೆಗಳಲ್ಲೇ ದುಡಿದವಳು. ಒಳಗೆ ಹೇಗಿರ್ತದೆ ಅಂತ ಮಾತ್ರ ಅವಳಿಗೆ ಗೊತ್ತಿಲ್ಲ" ಅಂದ. ಸಿಟ್ಟಿಲ್ಲದೆ ಅಂದ. ಅಜ್ಜಿ ಕವಳದ ತಟ್ಟೆ ಎಳೆದುಕೊಂಡಳು, ಎಲೆಗೆ ಸುಣ್ಣ ಹಚ್ಚಿದಳು, ಬಾಯಿಗೆ ಹಾಕಲಿಲ್ಲ.

ಊಟಕ್ಕೆ ಅಮ್ಮ ಎಲ್ಲರಿಗೂ ಒಂದೇ ಸಾಲಿನಲ್ಲಿ ಬಾಳೆಎಲೆ ಹಾಕಿದಳು. ಅಜ್ಜಿ ಹಸಿವಿಲ್ಲ ಎಂದು ಕೋಣೆಗೆ ಹೋದಳು. ನಾವು ತಂಬುಳಿ, ಅನ್ನ, ಹಲಸಿನಕಾಯಿ ಪಲ್ಯ ಉಂಡೆವು. ದೊಡ್ಡಪ್ಪ ಅವನ ಜೊತೆ ಅಡಿಕೆಯ ಕೊಳೆರೋಗದ ಬಗ್ಗೆ, ಅದಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಆಳು ಸಿಗದ ಬಗ್ಗೆ ಮಾತಾಡಿದರು. ಅಷ್ಟೇ. ಯಾರೂ ಅಳಲಿಲ್ಲ, ಯಾರೂ ಅಪ್ಪಿಕೊಳ್ಳಲಿಲ್ಲ.

ವಾಪಸ್ ಬರುವಾಗ "ಮುಂದಿನ ಸಲ ನಾನು ಬರಲೇಬೇಕಾ?" ಅಂತ ಕೇಳಿದ. ಬೇಡ ಅನ್ನಿಸಿದರೆ ಬೇಡ ಅಂದೆ. ನಿಜವಾಗಿಯೇ ಅಂದೆ.

ವಯಸ್ಸಾಗಿದೆ, ಈಗ ಬದಲಾಗು ಅಂದ್ರೆ ಹೇಗೆ ಅಂತ ಅಮ್ಮನೇ ಹೇಳುತ್ತಾಳೆ. ಅಜ್ಜಿ ಒಲೆ ಬಿಟ್ಟು ಗ್ಯಾಸ್ ಕಲಿತಳು, ಒರಳು ಬಿಟ್ಟು ಮಿಕ್ಸಿ ಕಲಿತಳು, ಈಚೆಗೆ ವಿಡಿಯೋ ಕಾಲ್ ಕೂಡ. ಬೇಕು ಅನ್ನಿಸಿದ್ದನ್ನೆಲ್ಲ ಕಲಿತಿದ್ದಾಳೆ. ಅವಳ ಮೇಲೆ ನನಗೆ ಪ್ರೀತಿ ಇದೆ, ಇದ್ದೇ ಇರುತ್ತದೆ. ಆದರೆ ಆ ಪ್ರೀತಿಯ ಲೆಕ್ಕ ಅವನು ಯಾಕೆ ತೀರಿಸಬೇಕು?

ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟಿದ್ದೇವೆ, 30 ದಿನ ಕಾಯಬೇಕು. ಸಾಕ್ಷಿಗೆ 3 ಜನ ಬೇಕು. ಅಮ್ಮ ಬರುತ್ತಾಳೆ, ಅವನ ಅಕ್ಕ ಬರುತ್ತಾಳೆ, ದೊಡ್ಡಪ್ಪನೂ ಒಪ್ಪಿದ್ದಾರೆ. ಅಜ್ಜಿ ಇನ್ನೂ ಏನೂ ಹೇಳಿಲ್ಲ. ಅವಳನ್ನು ಕರೆಯೋಣ ಅಂದಿದ್ದು ಅವನೇ. ಕರೆಯುತ್ತೇನೆ. ಬಂದರೆ ಅವನ ಅಜ್ಜಿಯ ಪಕ್ಕದ ಕುರ್ಚಿಯಲ್ಲೇ ಕೂರಬೇಕಾಗುತ್ತದೆ, ಅದನ್ನು ಮೊದಲೇ ಹೇಳಿ ಕರೆಯುತ್ತೇನೆ.